ಕೆರೆಯ ಹಿನ್ನೀರಂಚು ಯಾರ ಲೆಕ್ಕಕ್ಕೆ?

ಸಂಕ್ರಾಂತಿ ಕಳೆದ ಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಯಾವುದಾದರೂ ಮಳೆಯಾಧಾರಿತ ಕೆರೆಗೆ ಹೋದರೆ ಏರಿಯ ಮೇಲೆ ನಿಲ್ಲದೆ ಹಿನ್ನೀರಿನ ಕಡೆಗೆ ನಡೆಯಬೇಕು. ಏರಿಯ ಬುಡದ ಆಳದ ನೀರಿನಲ್ಲಿ ನಾಮದ ಕೋಳಿಗಳು ತೇಲುತ್ತಿರುತ್ತವೆ, ಅಷ್ಟೇ. ಗೊರವ, ಮೆಟ್ಟುಗಾಲು ಹಕ್ಕಿ, ಕೊಕ್ಕರೆಗಳೆಲ್ಲ ನೆರೆಯುವುದು ನೀರು ತೆಳುವಾಗಿ ಹರಡಿ ದಿನದಿನಕ್ಕೂ ಹಿಂದೆ ಸರಿಯುವ ಕೆಸರಿನಲ್ಲಿ.

ಕೆರೆಯಂಗಳ 200 ಮೀಟರಿಗೆ 1 ಮೀಟರಿನಂತೆ ಇಳಿಯುತ್ತದೆ ಎಂದುಕೊಳ್ಳಿ. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಆರಿದರೂ 1 ಮೀಟರ್ ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ. ಅದರೊಳಗಿನ ಹುಳು, ಶಂಖದ ಹುಳು, ಮರಿಮೀನು ಹಕ್ಕಿಗೆ ಪ್ರತಿ ಬೆಳಗ್ಗೆ ಹೊಸದಾಗಿ ಸಿಗುತ್ತವೆ. ಅದೇ ದಡವನ್ನು ಜೆಸಿಬಿಯಿಂದ 3 ಮೀಟರಿಗೆ 1 ಮೀಟರ್ ಇಳಿಜಾರಾಗಿ ಕಡಿದರೆ ದಿನಕ್ಕೆ ತೆರೆದುಕೊಳ್ಳುವುದು ಒಂದೂವರೆ ಸೆಂಟಿಮೀಟರ್. ಕೆರೆ ತುಂಬಿದ್ದರೂ ಜೌಗು ಸತ್ತಿರುತ್ತದೆ.

ಹಿಂದೆ ಈ ಅಂಚನ್ನು ಕಾಯುವ ಪ್ರತ್ಯೇಕ ಕಾನೂನು ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಕೆರೆಯಿಂದ ನೀರು ಬಿಡುವ ತೂಬು, ಹೊಲಗಳಿಗೆ ನೀರು ಹಂಚುವ ನೀರುಗಂಟಿಯ ಕೈಯಲ್ಲಿತ್ತು. ಬೇಸಗೆಯಲ್ಲಿ ರೈತರು ಆರಿದ ಅಂಗಳದಿಂದ ಎತ್ತಿನ ಗಾಡಿಗಳಲ್ಲಿ ಗೋಡು, ಅಂದರೆ ಹೂಳುಮಣ್ಣು, ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಮೇಲುಮೇಲಿನ ಪದರವಷ್ಟೇ ಹೋಗುತ್ತಿದ್ದುದರಿಂದ ಅಂಗಳ ತಟ್ಟೆಯ ಹಾಗೇ ಉಳಿಯುತ್ತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯೊಂದಿಗೆ ವಂಶಪಾರಂಪರ್ಯದ ನೀರುಗಂಟಿಕೆ ಹೋಯಿತು. 40 ಹೆಕ್ಟೇರ್‌ಗೂ ಮೀರಿದ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯತಿಗಳಿಗೆ ಹಂಚಿಹೋದವು. ಕೊಳವೆಬಾವಿ ಬಂತು, ಜಲಾನಯನದಲ್ಲಿ ನೀಲಗಿರಿ ಬಂತು, ಹಿನ್ನೀರಂಚು ಬಳ್ಳಾರಿ ಜಾಲಿಯ ಪಾಲಾಯಿತು.

1972ರ ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಜಾಗವಿತ್ತು, ಊರ ಕೆರೆಗೆ ಹೊಂದುವಂಥದ್ದು ಇರಲಿಲ್ಲ. 2002ರ ತಿದ್ದುಪಡಿ ಆ ಕೊರತೆ ತುಂಬಿತು. 36ಎ ಕಲಮಿನಡಿ ಸರ್ಕಾರಿ ಜಾಗದಲ್ಲಿ ‘ಸಂರಕ್ಷಣಾ ಮೀಸಲು’, 36ಸಿ ಅಡಿ ಜನರೇ ಮುಂದೆ ಬಂದರೆ ಸಮುದಾಯದ ಅಥವಾ ಖಾಸಗಿ ಜಮೀನಿನಲ್ಲಿ ‘ಸಮುದಾಯ ಮೀಸಲು’. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲಾದದ್ದು ಹೀಗೆ. ಅದೇ ವರ್ಷ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲಾಯಿತು.

ನಮ್ಮ ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲೂ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ, ಊರವರು ಕಾಯುತ್ತಾರೆ. ಆದರೆ ಮರ ಉಳಿದರಷ್ಟೇ ಸಾಲದು. ಈ ಹಕ್ಕಿ ಕೊಕ್ಕನ್ನು ನೀರಿಗಿಳಿಸಿ, ಮೀನು ತಾಗಿದಾಗ ಕಚ್ಚಿ ಹಿಡಿಯುತ್ತದೆ. ಹಾಗಾಗಿ ಅದಕ್ಕೆ ಕಾಲೂರಿ ನಿಲ್ಲಬಲ್ಲ ತೆಳು ನೀರೇ ಬೇಕು. ಸುತ್ತಲಿನ ಕೆರೆಗಳ ಅಂಚನ್ನು ಕಡಿದು ಆಳ ಮಾಡಿದರೆ ಗೂಡಿನ ಮರಿಗೆ ಊಟವಿಲ್ಲ.

2017ರಲ್ಲಿ ಎರಡು ಬೆಳವಣಿಗೆಗಳಾದವು. ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, 2.25 ಹೆಕ್ಟೇರ್‌ಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು ಕಾಪಾಡಬೇಕೆಂದು ಆದೇಶಿಸಿತು. ಸೆಪ್ಟೆಂಬರಿನಲ್ಲಿ ಬಂದ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಎಂದೇ ಕಟ್ಟಿದ ಜಲಕಾಯಗಳನ್ನು ಹೊರಗಿಟ್ಟವು. ಬಯಲುಸೀಮೆಯ ಕೆರೆಗಳೆಲ್ಲ ಹೆಚ್ಚುಕಡಿಮೆ ನೀರಾವರಿಗೆ ಕಟ್ಟಿದವೇ! ಈ ಒಂದು ವಾಕ್ಯ ನಮ್ಮ ಮೂರು ಜಿಲ್ಲೆಗಳಿಗೆ ಮಾಡಿದಷ್ಟು ಅನ್ಯಾಯವನ್ನು ಬೇರೆ ಕಡೆ ಮಾಡಿರಲಾರದು.

ಮರುವರ್ಷ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಬತ್ತಿದ ಸೀಮೆಗೆ ನೀರು ಬಂದದ್ದು ಸಣ್ಣ ಮಾತಲ್ಲ. ಆದರೆ ಎರಡನೇ ಹಂತದವರೆಗಷ್ಟೇ ಶುದ್ಧೀಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಅದನ್ನುಂಡು ಜೊಂಡು, ಅಂತರಗಂಗೆ ಅಂಚನ್ನು ಮುಚ್ಚುತ್ತವೆ. ಜತೆಗೆ, ವರ್ಷವಿಡೀ ತುಂಬಿಯೇ ಇರುವ ಕೆರೆಯಲ್ಲಿ ಬೇಸಗೆಯ ಕೆಸರು ತೆರೆಯುವುದೇ ಇಲ್ಲ. ಸರಣಿಯ ಒಂದೆರಡು ಕೆರೆಗಳನ್ನಾದರೂ ಜನವರಿಯಿಂದ ಮೇವರೆಗೆ ಇಳಿಯಲು ಬಿಡಬೇಕು.

ನೀರಾವರಿ ಕೆರೆಗೂ ದಾರಿಯಿದೆ ಎಂಬುದಕ್ಕೆ ಸಾಕ್ಷಿ ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಎರಡೂ ಮೊದಲು ಸಂರಕ್ಷಣಾ ಮೀಸಲಾಗಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಮೀಸಲಾದರೆ ಬೇಟೆ, ಬೆಂಕಿ, ವಿಷ, ಸಿಡಿಮದ್ದಿಗೆ ನಿಷೇಧ. ಅಚ್ಚುಕಟ್ಟಿನ ರೈತರು ನೀರಿನ ಹಕ್ಕು ಹೋಗುತ್ತದೆಂದು ಹೆದರುತ್ತಾರೆ, ಆದರೆ 36ಎ ಘೋಷಣೆಯಿಂದಲೇ ಆ ಹಕ್ಕು ರದ್ದಾಗುವುದಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಮೊದಲೇ ಓದಿ ಹೇಳಬೇಕು.

ಮೀಸಲು ಮಾಡಿಸುವ ಕೆಲಸ ಕೆಡುವುದು ಹೆಚ್ಚಾಗಿ ಅಳತೆಯಲ್ಲಿ. ಏರಿ ಒಂದು ಊರಿನದು, ಹಿನ್ನೀರು ಎಷ್ಟೋ ಕಡೆ ಪಕ್ಕದೂರಿನ ಸರ್ವೆ ನಂಬರಿನದು. ಒಂದೇ ಪಂಚಾಯತಿಯ ನಿರ್ಣಯ ತಂದರೆ ಹಕ್ಕಿಯಿರುವ ಜಾಗವೇ ಗಡಿಯಾಚೆ ಉಳಿಯುತ್ತದೆ. ಆದ್ದರಿಂದ ಗ್ರಾಮ ನಕ್ಷೆ, ಪಹಣಿ ಹಿಡಿದು ಕೋಡಿ ಮಟ್ಟದ ಗೆರೆಯನ್ನು ಮೊದಲು ಗುರುತಿಸಬೇಕು. ಗೆರೆಯೊಳಗೆ ಪಟ್ಟಾ ಜಮೀನಿದ್ದರೆ ಮಾಲೀಕರೊಂದಿಗೆ 36ಸಿ ಮಾತು ಬೇರೆಯಾಗಿ ಆಡಬೇಕು.

ಇನ್ನೊಂದು ತೊಡಕು ಮೀಸಲನ್ನು ನೋಡಿಕೊಳ್ಳುವ ಸಮಿತಿಯದು. 36ಬಿ ಪ್ರಕಾರ ಅರಣ್ಯ ಇಲಾಖೆ, ಪಂಚಾಯತಿ, ಸ್ವಯಂಸೇವಾ ಸಂಸ್ಥೆ, ಕೃಷಿ, ಪಶುಸಂಗೋಪನೆಯವರು ಇರುತ್ತಾರೆ. ತೂಬು ತೆಗೆಯುವ ಸಣ್ಣ ನೀರಾವರಿಯವರೂ ಮೀನು ಹರಾಜು ಹಾಕುವವರೂ ಆ ಪಟ್ಟಿಯಲ್ಲಿಲ್ಲ. ಅವರನ್ನು ಸಭೆಗೆ ಕರೆಯುವುದಾಗಿ ಪಂಚಾಯತಿ ನಿರ್ಣಯದಲ್ಲೇ ಬರೆಸಬೇಕು. ಹೂಳೆತ್ತುವ ಟೆಂಡರಿಗೆ ಮುಂಚೆ, ಹಿನ್ನೀರಂಚಿನ ಎಷ್ಟು ಮೀಟರಿನೊಳಗೆ ಯಂತ್ರ ಇಳಿಯಕೂಡದು ಎಂಬುದನ್ನೂ ಸೇರಿಸಬೇಕು.