ಕುಡಿದ ದಿನ ಏನೂ ಮಾಡದ ನೀರು

ಪ್ರಯೋಗಾಲಯದಿಂದ ಮೂತ್ರದ ಕಲ್ಚರ್ ವರದಿ ಹೋದ ಮೇಲೆ ವೈದ್ಯರಿಂದ ನನಗೆ ಆಗಾಗ ಒಂದು ಪ್ರಶ್ನೆ ಬರುತ್ತದೆ: ‘ಈ ರೋಗಿ ಆಸ್ಪತ್ರೆಯಲ್ಲಿ ಮಲಗಿದವರಲ್ಲ, ಇತ್ತೀಚೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡವರೂ ಅಲ್ಲ. ಇಂಥ ಬ್ಯಾಕ್ಟೀರಿಯಾ ಎಲ್ಲಿಂದ ಬಂತು?’ ವರದಿಯಲ್ಲಿರುವುದು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ. ಮೂತ್ರನಾಳದ ಸೋಂಕಿಗೆ ಅದಕ್ಕಿಂತ ಸಾಮಾನ್ಯ ಕಾರಣ ಇನ್ನೊಂದಿಲ್ಲ. ಆದರೆ ಪಕ್ಕದ ಔಷಧಗಳ ಪಟ್ಟಿಯಲ್ಲಿ ಒಂದರ ಕೆಳಗೊಂದು ‘ರೆಸಿಸ್ಟೆಂಟ್’, ಅಂದರೆ ಔಷಧಕ್ಕೆ ಬಗ್ಗದ್ದು, ಎಂದೇ ಇರುತ್ತದೆ.

ಅದನ್ನು ಪತ್ತೆ ಮಾಡುವ ವಿಧಾನ ಸರಳ. ಅಗರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ) ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಹರಡಿ, ಔಷಧ ಹೀರಿಕೊಂಡ ಕಾಗದದ ಪುಟ್ಟ ಬಿಲ್ಲೆಗಳನ್ನು ಇಟ್ಟು, ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ ಬಿಡುತ್ತೇವೆ. ಔಷಧ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಕಾಣುತ್ತದೆ. ಇಂಥ ತಟ್ಟೆಯಲ್ಲಿ ಸೆಫೊಟಾಕ್ಸಿಮ್ ಎಂಬ ಆ್ಯಂಟಿಬಯೋಟಿಕ್‌ನ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ನಿಂತಿರುತ್ತದೆ. ಪಕ್ಕದಲ್ಲಿ ಕ್ಲಾವುಲನಿಕ್ ಆಮ್ಲವಿರುವ ಬಿಲ್ಲೆ ಇಟ್ಟರೆ ಮಾತ್ರ ಎರಡರ ನಡುವಿನ ಜಾಗ ತೆರವಾಗುತ್ತದೆ. ಔಷಧವನ್ನೇ ಕತ್ತರಿಸಿಹಾಕುವ, ಕ್ಲಾವುಲನಿಕ್ ಆಮ್ಲ ತಡೆಯಬಲ್ಲ ಕಿಣ್ವವೊಂದನ್ನು ಈ ಬ್ಯಾಕ್ಟೀರಿಯಾ ತಯಾರಿಸುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಎಲ್ಲಿಂದ ಬಂತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮನೆಮಂದಿಯಿಂದ, ಆಹಾರದಿಂದ, ಪ್ರಾಣಿಗಳಿಂದಲೂ ಬರಬಹುದು. ಆದರೆ ನೀರಿನ ದಾರಿಯ ಬಗ್ಗೆ ನಾವು ಲೆಕ್ಕ ಹಾಕುವ ರೀತಿಯೇ ಸರಿಯಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನೀರಿನಿಂದ ಬರುವ ಕಾಯಿಲೆ ಎಂದರೆ ಎಲ್ಲರ ಮನಸ್ಸಿಗೆ ಬರುವುದು ವಾಂತಿಭೇದಿ. ಇಂದು ಕುಡಿದವರು ನಾಳೆಯೋ ನಾಡಿದ್ದೋ ಹಾಸಿಗೆ ಹಿಡಿಯುತ್ತಾರೆ. ಪ್ರತಿರೋಧ ಹೊತ್ತ ಇ. ಕೋಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಅದು ಕರುಳಿಗೆ ಸೇರಿ, ಅಲ್ಲಿನ ಅಸಂಖ್ಯ ಬ್ಯಾಕ್ಟೀರಿಯಾಗಳ ನಡುವೆ ಸದ್ದಿಲ್ಲದೆ ನೆಲೆಸುತ್ತದೆ. ಹೊಟ್ಟೆನೋವಿಲ್ಲ, ಜ್ವರವಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ಎಂದಾದರೂ ಅದು ಮೂತ್ರನಾಳಕ್ಕೋ ಶಸ್ತ್ರಚಿಕಿತ್ಸೆಯ ಗಾಯಕ್ಕೋ ರಕ್ತಕ್ಕೋ ನುಗ್ಗಿದಾಗ, ಮೊದಲು ಕೊಟ್ಟ ಔಷಧ ಕೆಲಸ ಮಾಡುವುದಿಲ್ಲ. ಆ ಹೊತ್ತಿಗೆ ಎಂದೋ ನುಂಗಿದ ನೀರಿನ ನೆನಪು ಯಾರಿಗೂ ಇರುವುದಿಲ್ಲ. 2019ರಲ್ಲಿ ಔಷಧ ಪ್ರತಿರೋಧ ನೇರವಾಗಿ ಸುಮಾರು 12.7 ಲಕ್ಷ ಸಾವುಗಳಿಗೆ ಕಾರಣವಾಯಿತು ಎಂಬುದು ಜಾಗತಿಕ ಅಂದಾಜು. ಆ ಅಂದಾಜಿನಲ್ಲಿ ನೀರಿನ ಪಾಲು ಇಷ್ಟು ಎಂಬ ಪ್ರತ್ಯೇಕ ಕಲಂ ಇಲ್ಲ.

ಈ ಮೌನ ವಾಸವನ್ನು ಹಿಡಿಯಬೇಕಾದರೆ ಆರೋಗ್ಯವಂತರನ್ನೇ ಪರೀಕ್ಷಿಸಬೇಕು. ಬ್ರಿಟನ್ನಿನ ಸಂಶೋಧಕರು ಅದನ್ನೇ ಮಾಡಿದರು. ಅಲೆಗಳ ಮೇಲೆ ಹಲಗೆಯಾಟವಾಡುವ ಸರ್ಫರ್‌ಗಳು ಸಾಮಾನ್ಯ ಈಜುಗಾರರಿಗಿಂತ ಹೆಚ್ಚು ಸಮುದ್ರದ ನೀರು ನುಂಗುತ್ತಾರೆ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಿಟಿಎಕ್ಸ್-ಎಂ ಎಂಬ ಪ್ರತಿರೋಧ ಜೀನ್ ಹೊತ್ತ ಇ. ಕೋಲಿ 143 ಸರ್ಫರ್‌ಗಳ ಪೈಕಿ ಒಂಬತ್ತು ಜನರ ಕರುಳಿನಲ್ಲಿ ಸಿಕ್ಕಿತು. ಸರ್ಫಿಂಗ್ ಮಾಡದ 130 ಜನರಲ್ಲಿ ಇಬ್ಬರಲ್ಲಿ ಮಾತ್ರ. ಸಂಖ್ಯೆ ಸಣ್ಣದು, ನಿಜ. ಆದರೆ ಪರೀಕ್ಷೆಗೆ ಬಂದವರು ಕಾಯಿಲೆಯವರಾಗಿರಲಿಲ್ಲ ಎಂಬುದೇ ಇಲ್ಲಿನ ಮುಖ್ಯ ವಿಷಯ. ನನ್ನ ತಟ್ಟೆಯಲ್ಲಿ ಸೆಫೊಟಾಕ್ಸಿಮ್ ಅನ್ನು ಸೋಲಿಸುವ ಕಿಣ್ವಗಳಲ್ಲಿ ಅತಿ ಸಾಮಾನ್ಯವಾದದ್ದೂ ಇದೇ ಜೀನ್ ತಯಾರಿಸುವ ಸಿಟಿಎಕ್ಸ್-ಎಂ ಕಿಣ್ವ.

ಆ ಜೀನ್ ಮೂಲತಃ ಇ. ಕೋಲಿಯದಲ್ಲ. ಕ್ಲೈವೆರಾ ಎಂಬ, ಪರಿಸರದಲ್ಲಿ ತನ್ನ ಪಾಡಿಗೆ ಬದುಕುವ ಬ್ಯಾಕ್ಟೀರಿಯಾದಿಂದ ಬಂದದ್ದು. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳ ಶಕ್ತಿಯನ್ನು ಕುಗ್ಗಿಸುವ ಇನ್ನೊಂದು ಜೀನ್‌ನ ಮೂಲ ಶೆವನೆಲ್ಲಾ ಎಂಬ ಜಲವಾಸಿ ಬ್ಯಾಕ್ಟೀರಿಯಾ. ಇಂಥ ಜೀನ್‌ಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲೇರಿ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ದಾಟಬಲ್ಲವು. ಕೊಳಚೆ ಬೆರೆತ ನೀರಿನಲ್ಲಿ ಕರುಳಿನ ಬ್ಯಾಕ್ಟೀರಿಯಾಗಳೂ ನೀರಿನ ಬ್ಯಾಕ್ಟೀರಿಯಾಗಳೂ ಒಟ್ಟಿಗಿರುತ್ತವೆ, ಜೊತೆಗೆ ನಾವು ನುಂಗಿ ಮಲಮೂತ್ರದಲ್ಲಿ ಹೊರಹಾಕಿದ ಔಷಧದ ಅಂಶವೂ ಇರುತ್ತದೆ. 2011ರಲ್ಲಿ ದೆಹಲಿಯ ನೀರಿನ ಅಧ್ಯಯನವೊಂದು ಎನ್‌ಡಿಎಂ-1 ಜೀನ್ ಅನ್ನು 171 ಕೊಳಚೆ ಸೋರಿಕೆಯ ಮಾದರಿಗಳ ಪೈಕಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳ ಪೈಕಿ ಎರಡರಲ್ಲಿ ಕಂಡಿತು. ಕಾರ್ಬಪೆನೆಮ್‌ನಂಥ ಕೊನೆಯ ಸಾಲಿನ ಔಷಧಗಳನ್ನೇ ನಿಷ್ಫಲ ಮಾಡುವ ಜೀನ್ ಅದು. ಕಾಲರಾ ಮತ್ತು ಆಮಶಂಕೆಯ ರೋಗಾಣುಗಳಲ್ಲೂ ಅದು ಸಿಕ್ಕಿತು. ಜೀನ್ ದಾಟುವ ಕ್ರಿಯೆ ದೇಹದ ಉಷ್ಣತೆಯಾದ 37 ಡಿಗ್ರಿಗಿಂತ 30 ಡಿಗ್ರಿಯಲ್ಲೇ ಹೆಚ್ಚಾಗಿ ನಡೆಯಿತು. ಬೆಚ್ಚಗಿನ ಚರಂಡಿ ನೀರಿನ ಉಷ್ಣತೆ ಅದು. ಆ ಸಾಲನ್ನು ಓದಿ ನಾನು ಕಳವಳಗೊಂಡಿದ್ದೆ.

ನೀರಿನಲ್ಲಿ ಔಷಧ ಅಷ್ಟು ತೆಳುವಾಗಿರುವಾಗ ಏನಾದೀತು ಎಂದು ಕೆಲವರು ಕೇಳುತ್ತಾರೆ. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾದ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ ಔಷಧವಿದ್ದರೂ ಪ್ರತಿರೋಧವುಳ್ಳವು ಇತರವನ್ನು ಹಿಂದಿಕ್ಕಬಲ್ಲವು ಎಂಬುದು ಪ್ರಯೋಗಗಳಲ್ಲಿ ಸಿದ್ಧವಾಗಿದೆ. ಇನ್ನು ಕೆಲವೆಡೆ ಔಷಧ ತೆಳುವಾಗಿಯೂ ಇಲ್ಲ. ಹೈದರಾಬಾದ್ ಬಳಿಯ ಪಟನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲಿ ಲೀಟರ್‌ಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತೆಂದು 2007ರಲ್ಲಿ ವರದಿಯಾಯಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಕಾರ್ಖಾನೆಗಳ ತ್ಯಾಜ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ತಂದದ್ದು 2024ರಲ್ಲಿ. ಇಷ್ಟು ತಡವಾಗಬಾರದಿತ್ತು.

ಎಲ್ಲರಿಗೂ ಅಪಾಯ ಒಂದೇ ಸಮನಲ್ಲ. ಆರೋಗ್ಯವಂತರ ಕರುಳಿನಿಂದ ಇಂಥ ಬ್ಯಾಕ್ಟೀರಿಯಾ ಎಷ್ಟೋ ಸಲ ತಾನಾಗಿಯೇ ಮರೆಯಾಗುತ್ತದೆ. ನವಜಾತ ಶಿಶುಗಳು, ಕೀಮೋಥೆರಪಿಯಲ್ಲಿರುವವರು, ಕ್ಯಾಥೆಟರ್ ಹಾಕಿಸಿಕೊಂಡವರ ಮಾತು ಬೇರೆ. ಗುದನಾಳದ ಮೂಲಕ ಪ್ರಾಸ್ಟೇಟ್ ಬಯಾಪ್ಸಿ ಮಾಡುವಾಗ ಸೂಜಿ ಕರುಳಿನ ಬ್ಯಾಕ್ಟೀರಿಯಾವನ್ನು ಒಳಕ್ಕೆ ಒಯ್ಯುತ್ತದೆ. ಆ ಬ್ಯಾಕ್ಟೀರಿಯಾ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದ್ದಾಗಿದ್ದರೆ, ಮುಂಜಾಗ್ರತೆಗೆಂದು ಕೊಟ್ಟ ಅದೇ ಮಾತ್ರೆಯಿಂದ ರಕ್ಷಣೆ ಸಿಗುವುದಿಲ್ಲ. ಅದಕ್ಕಾಗಿಯೇ ಕೆಲವು ಕೇಂದ್ರಗಳಲ್ಲಿ ಬಯಾಪ್ಸಿಗೆ ಮೊದಲು ಗುದದ್ವಾರದ ಸ್ವಾಬ್ ಪರೀಕ್ಷೆ ನಡೆಯುತ್ತದೆ.

ಹೆದರಿದವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ್ಯಂಟಿಬಯೋಟಿಕ್‌ಗೆ ಬಗ್ಗದ ಇ. ಕೋಲಿ ಕುದಿಯುವ ನೀರಿನಲ್ಲಿ ಬದುಕುವುದಿಲ್ಲ, ಸರಿಯಾದ ಪ್ರಮಾಣದ ಕ್ಲೋರಿನ್‌ಗೂ ಸಾಯುತ್ತದೆ. ಕುಡಿಯುವ ನೀರಿನ ಮಟ್ಟಿಗೆ ಹಳೆಯ ಎಚ್ಚರಿಕೆಗಳೇ ಸಾಕು. ತೊಂದರೆಯಿರುವುದು ಮೇಲ್ಭಾಗದಲ್ಲಿ, ಕೊಳಚೆ ಹೊಳೆ ಸೇರುವ ಕಡೆ. ಸಂಸ್ಕರಣಾ ಘಟಕಗಳು ಬ್ಯಾಕ್ಟೀರಿಯಾದ ಸಂಖ್ಯೆಯನ್ನು ಬಹಳವೇ ಇಳಿಸುತ್ತವೆ, ಸೊನ್ನೆ ಮಾಡುವುದಿಲ್ಲ. ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಗಳು ಅಲ್ಲಿನ ಕೆಸರಿಗೆ ಅಂಟಿಕೊಂಡು ಉಳಿಯುತ್ತವೆ.

ಹೊಳೆಯ ನೀರನ್ನು ಪರೀಕ್ಷಿಸುವವರು ಇ. ಕೋಲಿ ಎಷ್ಟಿದೆ ಎಂದು ಎಣಿಸುತ್ತಾರೆ, ಅದರಲ್ಲಿ ಪ್ರತಿರೋಧವುಳ್ಳದ್ದು ಎಷ್ಟು ಎಂದು ವಾಡಿಕೆಯಾಗಿ ನೋಡುವುದಿಲ್ಲ. ಇದಕ್ಕೆ ಭಾರೀ ಯಂತ್ರವೇನೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಟ್ರೈಸೈಕಲ್ ವಿಧಾನದಲ್ಲಿ ಒಂದೇ ನೀರನ್ನು ಎರಡು ಬಗೆಯ ತಟ್ಟೆಗಳ ಮೇಲೆ ಬೆಳೆಸುತ್ತಾರೆ: ಒಂದರಲ್ಲಿ ಬರೀ ಅಗರ್, ಇನ್ನೊಂದರಲ್ಲಿ ಅದೇ ಅಗರ್‌ಗೆ ಬೆರೆಸಿದ ಸೆಫೊಟಾಕ್ಸಿಮ್. ಎರಡರಲ್ಲೂ ಬೆಳೆದ ಇ. ಕೋಲಿ ಕಾಲೊನಿಗಳನ್ನು (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳನ್ನು) ಎಣಿಸಿದರೆ ಪ್ರತಿರೋಧದ ಪಾಲು ಸಿಗುತ್ತದೆ. ಕಾಲೊನಿ ಎಣಿಸಲು ಬಲ್ಲ ಯಾವ ನೀರು ಪರೀಕ್ಷಾ ಕೇಂದ್ರವೂ ಇದನ್ನು ಇಂದಿನಿಂದಲೇ ಆರಂಭಿಸಬಹುದು.