ರಿಗ್ ಗಾಡಿಯ ಬಿಲ್ ಪುಸ್ತಕಕ್ಕೆ ಯಾವ ಪ್ರಶ್ನೆ ಕೇಳಬೇಕು?

"ಸರ್, ಡೇಟಾ ಕೊಡೋಕೆ ಒಬ್ರು ಒಪ್ಪಿದಾರೆ. ಏನೇನು ಮಾಡಬಹುದು ಹೇಳಿ." ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಈ ಲೆಕ್ಕ ನೋಡಿ ಯಾರು, ಯಾವ ಹೊತ್ತಿನಲ್ಲಿ, ಯಾವ ತೀರ್ಮಾನ ಬದಲಿಸುತ್ತಾರೆ? ಅದಕ್ಕೆ ಉತ್ತರ ಬರುವವರೆಗೆ ಒಂದು ಹಾಳೆಯನ್ನೂ ಸ್ಕ್ಯಾನ್ ಮಾಡಿಸಬೇಡಿ ಅನ್ನುತ್ತೇನೆ.

ಡೇಟಾ ದಾನ ಅಂದರೆ ಖಾಸಗಿಯವರು ತಮ್ಮ ವ್ಯಾಪಾರದಲ್ಲಿ ಕೂಡಿಬಂದ ಮಾಹಿತಿಯನ್ನು ಜನರ ಕೆಲಸಕ್ಕೆ ಬಿಟ್ಟಿಯಾಗಿ ಕೊಡುವುದು. 2015ರ ನೇಪಾಳ ಭೂಕಂಪ ಆದಾಗ ಅಲ್ಲಿನ ಎನ್‌ಸೆಲ್ ಮೊಬೈಲ್ ಕಂಪನಿಯ ಹೆಸರಿಲ್ಲದ ಕರೆ ದಾಖಲೆಗಳನ್ನು ಫ್ಲೋಮೈಂಡರ್ ಸಂಸ್ಥೆ ಬಳಸಿಕೊಂಡಿತು. ಕಾಠ್ಮಂಡು ಕಣಿವೆಯಿಂದ ಜನ ಎತ್ತ ಹೋಗಿದ್ದಾರೆ ಅನ್ನುವ ಅಂದಾಜು ಪರಿಹಾರ ಕೆಲಸದವರಿಗೆ ಸಿಕ್ಕಿತು. ಪ್ರಶ್ನೆ ಚಿಕ್ಕದಿತ್ತು, ಕೇಳುವವರು ಯಾರು ಅಂತ ಗೊತ್ತಿತ್ತು. ನಮ್ಮ ಕಡೆ ಕೊಡುವವರು ಮೊಬೈಲ್ ಕಂಪನಿಯೇ ಆಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ನಾನು ನೋಡಿದ ಒಳ್ಳೆಯ ಡೇಟಾ ಒಬ್ಬ ಬೋರ್‌ವೆಲ್ ಏಜೆಂಟರ ಹಳೇ ಬಿಲ್ ಪುಸ್ತಕಗಳಲ್ಲಿತ್ತು.

ಅವರು ಚಳ್ಳಕೆರೆ, ಹಿರಿಯೂರು ಕಡೆ ಬೋರ್ ಕೊರೆಯುವ ರಿಗ್ ಗಾಡಿ ಕಳಿಸುವವರು. ಪುಸ್ತಕಗಳನ್ನು ರೈತರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ಕೊಡಲು ಒಪ್ಪಿದರು. ಸಂಸ್ಥೆಯವರ ಮೊದಲ ಆಸೆ ಎಲ್ಲರಿಗೂ ಇರುವಂಥದ್ದೇ. ಎಲ್ಲಿ ಬೋರ್ ಹಾಕಿದರೆ ನೀರು ಬೀಳುತ್ತೆ ಅಂತ ನಕ್ಷೆ ಮಾಡೋಣ. ಜೊತೆಗೆ ಫ್ಲೋರೈಡ್ ಕೂಡ ತೋರಿಸೋಣ.

ಎರಡೂ ಬೇಡ ಅಂದೆ. ಇಲ್ಲಿನದು ಗಟ್ಟಿ ಬಂಡೆಯ ನೆಲ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಬ್ಬರ ಹೊಲದಲ್ಲಿ ಮೂರು ಇಂಚು ನೀರು ಬಂದರೆ ಪಕ್ಕದ ಬದುವಿನಾಚೆ ಬರೀ ಧೂಳು ಏಳಬಹುದು. ಊರಿನ ಸರಾಸರಿ ಹಿಡಿದು ಪಾಯಿಂಟ್, ಅಂದರೆ ಬೋರ್ ಹಾಕುವ ಜಾಗ, ಹೇಳಿದರೆ ರೈತ ಸಾಲ ಮಾಡಿ ಬೋರ್ ಹಾಕಿಸುತ್ತಾನೆ, ಫೇಲಾದ ಮೇಲೆ ಬೈಯುವುದು ಸಂಸ್ಥೆಯನ್ನೇ. ಇನ್ನು ಫ್ಲೋರೈಡ್. ಜಿಲ್ಲೆಯಲ್ಲಿ ಅದು ದೊಡ್ಡ ತೊಂದರೆ, ನಿಜ. ಬೇರೆ ಮೂಲ ಇಲ್ಲದಿದ್ದರೂ ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಾನದಂಡ. ಆದರೆ ಬಿಲ್ ಪುಸ್ತಕದಲ್ಲಿ ನೀರಿನ ಪರೀಕ್ಷೆಯ ಸುದ್ದಿಯೇ ಇಲ್ವಲ್ಲ! ಇಲ್ಲದ್ದನ್ನು ಎಲ್ಲಿಂದ ತರೋದು?

ಹಾಗಾದರೆ ಯಾವ ಪ್ರಶ್ನೆ? ಅದು ಹುಟ್ಟಿದ್ದು ರೈತರ ಜೊತೆ ಕೂತು ಮಾತಾಡಿದಾಗ. ಪಾಯಿಂಟ್ ಅವರು ಹೇಗೂ ತೆಂಗಿನಕಾಯಿ ಹಿಡಿದೋ, ಜಿಯಾಲಜಿಸ್ಟನ್ನು ಕರೆಸಿಯೋ ನೋಡಿಸುತ್ತಾರೆ. ಕಷ್ಟ ಬರುವುದು ರಾತ್ರಿ, ಗಾಡಿ ಓಡುತ್ತಿರುವಾಗ. 600 ಅಡಿ ಆಯ್ತು, ನೀರಿಲ್ಲ. "ಯಜಮಾನ್ರೆ, ಇನ್ನೊಂದು ನೂರಡಿ ನೋಡೋಣ್ವಾ?" ಅನ್ನುತ್ತಾನೆ ಗಾಡಿಯವನು. ಆಳಕ್ಕೆ ಹೋದಂತೆ ಅಡಿಯ ರೇಟೂ ಏರುತ್ತೆ. ನಿಲ್ಲಿಸಬೇಕಾ, ಮುಂದೆ ಹೋಗಬೇಕಾ ಅಂತ ಐದು ನಿಮಿಷದಲ್ಲಿ ಹೇಳಬೇಕು. ಅಲ್ಲಿ ಒಂದು ಲೆಕ್ಕ ಕೈಯಲ್ಲಿದ್ದರೆ ದುಡ್ಡು ಉಳಿಯಬಹುದು. ಹಾಗಾಗಿ ಪ್ರಾಜೆಕ್ಟಿನ ವ್ಯಾಪ್ತಿಯನ್ನು ಹೀಗೆ ಬರೆದೆವು: ಈ ಸುತ್ತಿನ ಊರುಗಳಲ್ಲಿ 600 ಅಡಿವರೆಗೆ ನೀರು ಕಾಣದ ಬೋರುಗಳ ಪೈಕಿ, ಮುಂದೆ ಹೋದಾಗ ಎಷ್ಟು ಬೋರಿಗೆ ನೀರು ಬಂತು?

ಪ್ರಶ್ನೆ ಇಷ್ಟು ಕಿರಿದಾದ ಮೇಲೆ ಪುಸ್ತಕ ತೆರೆದರೆ ಕೊರತೆ ತಾನಾಗಿ ಕಾಣುತ್ತದೆ. ಬಿಲ್ಲಿನಲ್ಲಿ ಇದ್ದದ್ದು ತಾರೀಖು, ಹೆಸರು, ಊರು, ಒಟ್ಟು ಅಡಿ, ಕೇಸಿಂಗ್ ಪೈಪಿನ ಅಡಿ, ಮೊತ್ತ. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ "2 ಇಂಚು" ಅಥವಾ "ಫೇಲ್". ಒಟ್ಟು 720 ಅಡಿ ಅಂತ ಇದ್ದರೆ ನೀರು ಸಿಕ್ಕಿದ್ದು 300ಕ್ಕೋ 700ಕ್ಕೋ ತಿಳಿಯುವುದಿಲ್ಲ. ನಮಗೆ ಬೇಕಾದದ್ದೇ ಅದು. ವಿಚಾರಿಸಿದಾಗ ಗಾಡಿಯ ಡ್ರಿಲ್ಲರ್ ಹತ್ತಿರ ಬೇರೆ ಡೈರಿ ಇರುವುದು ಗೊತ್ತಾಯಿತು. ಮೊದಲ ನೀರು ಎಷ್ಟಕ್ಕೆ, ಎರಡನೇ ನೀರು ಎಷ್ಟಕ್ಕೆ, ಎಲ್ಲ ಅದರಲ್ಲಿದೆ. ಆದರೆ ತಮಿಳಿನಲ್ಲಿ. ನಮ್ಮ ಕಡೆ ಓಡಾಡುವ ರಿಗ್ ಗಾಡಿಗಳು ಎಷ್ಟೋ ತಮಿಳುನಾಡಿನ ತಿರುಚೆಂಗೋಡಿನವು, ಅದರಲ್ಲೇನು ಆಶ್ಚರ್ಯ. ತಮಿಳು ಓದಿ ಟೈಪ್ ಮಾಡುವವರೊಬ್ಬರು ಬೇಕು ಅನ್ನುವುದು ನಮ್ಮ ಅಗತ್ಯಗಳ ಪಟ್ಟಿಗೆ ಸೇರಿತು. ಒಪ್ಪಂದಕ್ಕೆ ಮುಂಚೆ ಇಪ್ಪತ್ತು ಪುಟವನ್ನಾದರೂ ಕಣ್ಣಾರೆ ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಫೇಲಾದ ಬೋರುಗಳೂ ಪೂರ್ತಿ ಬೇಕು. ನೀರು ಬಂದವುಗಳನ್ನಷ್ಟೇ ಎಣಿಸಿದರೆ ಆಳಕ್ಕೆ ಹೋದವರೆಲ್ಲ ಗೆದ್ದ ಹಾಗೆ ಕಾಣುತ್ತದೆ. ಫೇಲಾದಾಗ ದುಡ್ಡಿನ ತಕರಾರು ಆಗಿ ಬಿಲ್ಲೇ ಹಾಕದ ಪ್ರಸಂಗವೂ ಇರುತ್ತೆ. ಅವು ಡೈರಿಯಲ್ಲಿ ಇವೆಯಾ ಅಂತ ಏಜೆಂಟರನ್ನು ನೇರವಾಗಿ ಕೇಳಬೇಕು. ಅವರ ದುಡಿಮೆ ಅಡಿಯ ಲೆಕ್ಕದಲ್ಲಿ. ಬೇಗ ನಿಲ್ಲಿಸಿ ಅನ್ನುವ ಉತ್ತರ ಬಂದರೂ ಪ್ರಕಟಿಸಲು ಒಪ್ಪುತ್ತೀರಾ ಅಂತಲೂ ಮೊದಲೇ ಕೇಳಿ ಬರೆಸಿಕೊಳ್ಳಿ. ಮುಜುಗರದ ಮಾತು. ಆದರೆ ಕೊನೆಯಲ್ಲಿ ಆಡುವುದು ಇನ್ನೂ ಕಷ್ಟ.

ಊರಿನ ಹೆಸರು ಸಣ್ಣ ವಿಷಯ ಅಂದುಕೊಳ್ಳಬೇಡಿ. ಬಿಲ್ಲಿನಲ್ಲಿ ಸುಮ್ನೆ "ಗೊಲ್ಲರಹಟ್ಟಿ" ಅಂತ ಬರೆದಿರುತ್ತಾರೆ. ಈ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಒಂದಾ ಎರಡಾ! ಹಟ್ಟಿ, ತಾಂಡಾ ಯಾವ ಕಂದಾಯ ಗ್ರಾಮಕ್ಕೆ ಸೇರಿದ್ದು ಅಂತ ಗುರುತಿಸಿ, ಸರ್ಕಾರದ ಗ್ರಾಮ ಕೋಡ್ ಹಾಕಬೇಕು. ಗೊತ್ತಾಗದ ಸಾಲುಗಳನ್ನು ಬಿಡಬೇಕು, ಊಹಿಸಬಾರದು. ವರ್ಷಗಳನ್ನೂ ಒಟ್ಟಿಗೆ ಕಲಸಬಾರದು. 2022ರಲ್ಲಿ ಹಿರಿಯೂರು ಹತ್ತಿರದ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಅದಕ್ಕೆ ಮುಂಚಿನ ಬರದ ವರ್ಷಗಳ ಬೋರನ್ನೂ ಆಮೇಲಿನದನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಇನ್ನು ರೈತರ ಹೆಸರು, ಫೋನ್ ನಂಬರ್. ಪುಸ್ತಕ ಏಜೆಂಟರದ್ದು, ಅದರೊಳಗಿನ ಜನ ಅವರ ಸ್ವತ್ತಲ್ಲ. ಕಾಗದದಲ್ಲಿದ್ದ ವೈಯಕ್ತಿಕ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕಿದರೂ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನಮ್ಮ ಪ್ರಶ್ನೆಗೆ ಹೆಸರು ಬೇಡವೇ ಬೇಡ. ಆದ್ದರಿಂದ ಏಜೆಂಟರ ಅಂಗಡಿಯಲ್ಲೇ ಹೆಸರಿನ ಕಾಲಂ ಮುಚ್ಚಿ ನಕಲು ತೆಗೆಯಬೇಕು. ಇದರಲ್ಲಿ ಇನ್ನೊಂದು ಅಪಾಯ ಇದೆ. ರಾಜ್ಯದ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ನಮ್ಮ ಪಟ್ಟಿ ಯಾರ ಮೇಲೋ ಕೇಸಿಗೆ ಆಧಾರವಾದರೆ ಮುಂದೆ ಯಾವ ಏಜೆಂಟೂ ಪುಸ್ತಕ ಕೊಡುವುದಿಲ್ಲ. ಹೊಲದ ಮಟ್ಟದ ನಕ್ಷೆ ಬೇಡ, ಐದಕ್ಕಿಂತ ಕಡಿಮೆ ಬೋರಿರುವ ಊರನ್ನು ಪಕ್ಕದ ಊರಿನ ಜೊತೆ ಸೇರಿಸಬೇಕು, ಈ ಪ್ರಶ್ನೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು. ಮೂರನ್ನೂ ಒಪ್ಪಂದದಲ್ಲಿ ಬರೆದೆವು.

ಕೊನೆಗೆ ಕೈಗೆ ಬರುವುದು ಏನು? ಡ್ಯಾಶ್‌ಬೋರ್ಡ್ ಬೇಕು ಅಂತ ಸಂಸ್ಥೆಯ ಹುಡುಗರಿಗೆ ತುಂಬಾ ಆಸೆ ಇತ್ತು. ಗಾಡಿಯ ಪಕ್ಕ ರಾತ್ರಿ ನಿಂತ ರೈತ ಅದನ್ನು ತೆರೆಯುವುದಿಲ್ಲ, ಅಲ್ವಾ? ಊರುಗಳ ಒಂದೊಂದು ಗುಂಪಿಗೆ ಒಂದು ವಾಟ್ಸಾಪ್ ಚಿತ್ರ ಸಾಕು ಅಂತಾಯಿತು. ದಪ್ಪ ಅಕ್ಷರದಲ್ಲಿ ಎರಡು ಸಾಲು. ಕೆಳಗೆ, ಇದು ಒಬ್ಬ ಏಜೆಂಟರ ಗಿರಾಕಿಗಳ ಲೆಕ್ಕ ಮಾತ್ರ ಅನ್ನುವ ಮಾತು. ಟೈಪಿಂಗ್ ಖರ್ಚು ಸಂಸ್ಥೆಯದ್ದು. ಪುಸ್ತಕ ಹಾಳಾಗದಂತೆ ವಾಪಸ್ ಕೊಡುವುದು, ಕೆಲಸ ಮುಗಿದ ಮೇಲೆ ಸ್ಕ್ಯಾನ್ ಮಾಡಿದ ಪ್ರತಿ ಅಳಿಸುವುದೂ ಅವರದ್ದೇ ಹೊಣೆ. ಏಜೆಂಟರು ಕೇಳಿದ್ದು ಒಂದೇ. ಚಿತ್ರದಲ್ಲಿ ತಮ್ಮ ಹೆಸರು, ಫೋನ್ ನಂಬರ್ ಹಾಕಬಹುದಾ ಅಂತ. ಜಾಹೀರಾತಾಗುತ್ತೆ ಅಂತ ಸಂಸ್ಥೆಯವರು ಹಿಂದೆ ಮುಂದೆ ನೋಡಿದರು. ಹೆಸರು ಹಾಕಿ, ನಂಬರ್ ಬೇಡ ಅಂತ ನಾನು ಹೇಳಿದೆ. ಅವರೂ ಒಪ್ಪಿದರು.