ಅವಳಿ ಗುಂಡಿ ಶೌಚಾಲಯ: ಒಂದು ತುಂಬುವಾಗ ಇನ್ನೊಂದಕ್ಕೆ ರಜೆ

ಹಳ್ಳಿಯಲ್ಲಿ ಯಾರಾದರೂ ಶೌಚಾಲಯ ಕಟ್ಟಿಸಿದರೆ ಅಕ್ಕಪಕ್ಕದವರು ಮೊದಲು ಕೇಳೋದು, 'ಗುಂಡಿ ಎಷ್ಟು ಅಡಿ ತೆಗೆಸಿದ್ರಿ?' ಹತ್ತು ಅಡಿ ಅಂದವರಿಗಿಂತ ಹದಿನೈದು ಅಡಿ ಅಂದವರೇ ಜಾಣರು ಅನ್ನೋ ಲೆಕ್ಕ. ಒಂದ್ಸಲ ತೆಗೆಸಿಬಿಟ್ಟರೆ ಮಕ್ಕಳ ಕಾಲಕ್ಕೂ ತುಂಬಲ್ಲ, ಅಲ್ವಾ?

ಎರಡು ಗುಂಡಿಗಳನ್ನು ಒಂದಾದ ಮೇಲೆ ಒಂದರಂತೆ ಬಳಸುವ ಅವಳಿ ಗುಂಡಿ ಶೌಚಾಲಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಗುಂಡಿ ಸುಮಾರು 4 ಅಡಿ ಆಳ ಇದ್ದರೆ ಸಾಕು. ಅದು ತುಂಬಲೇಬೇಕು, ಆಮೇಲೆ ಖಾಲಿಯೂ ಆಗಬೇಕು. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ್ ಪಾಠಕ್ ಈ ಮಾದರಿಯನ್ನು ದೇಶದ ಉದ್ದಕ್ಕೂ ಜನಕ್ಕೆ ಪರಿಚಯಿಸಿದರು. 2014ರಲ್ಲಿ ಸ್ವಚ್ಛ ಭಾರತ್ ಯೋಜನೆ ಶುರುವಾಗಿ ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ ಕೊಡುವಾಗಲೂ ಹಳ್ಳಿಗಳಿಗೆ ಹೆಚ್ಚಾಗಿ ಶಿಫಾರಸು ಮಾಡಿದ್ದು ಇದನ್ನೇ.

ಕೂರುವ ಪ್ಯಾನ್‌ಗೆ ಇಳಿಜಾರು ಜಾಸ್ತಿ ಇರುತ್ತದೆ. ಹಾಗಾಗಿ ಒಂದೂವರೆ, ಎರಡು ಲೀಟರ್ ನೀರು ಹಾಕಿದರೆ ಸಾಕು, ಎಲ್ಲ ಹೋಗುತ್ತದೆ. ಕೊಡಗಟ್ಟಲೆ ನೀರು ಹೊತ್ತು ತರುವ ಮನೆಗೆ ಇದು ಸಣ್ಣ ಮಾತಲ್ಲ. ಪ್ಯಾನ್ ಕೆಳಗಿನ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಅದು ವಾಸನೆ, ನೊಣ ಎರಡನ್ನೂ ತಡೆಯುತ್ತದೆ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಸಂದು ಬಿಟ್ಟಿರುತ್ತಾರೆ, ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ನೀರು, ಗ್ಯಾಸು ಮಣ್ಣಿಗೆ ಸೇರುತ್ತವೆ, ಗಟ್ಟಿ ಪದಾರ್ಥ ಮಾತ್ರ ಉಳಿಯುತ್ತದೆ. ಅದಕ್ಕೇ ಇದಕ್ಕೆ ಗಾಳಿ ಪೈಪೂ ಬೇಡ.

ಇನ್ನು ಪ್ಯಾನ್ ಮತ್ತು ಗುಂಡಿಗಳ ನಡುವೆ ಒಂದು ಪುಟ್ಟ ಚೇಂಬರ್ ಇದೆ. ಇಡೀ ವ್ಯವಸ್ಥೆಯ ಕೀಲಿ ಇರುವುದು ಇದರಲ್ಲಿ. ಮುಚ್ಚಳ ಎತ್ತಿ ನೋಡಿ: ಒಂದು ದಾರಿ ಬಂದು ಎರಡಾಗಿ ಒಡೆದಿರುತ್ತದೆ. ಅದರಲ್ಲಿ ಒಂದರ ಬಾಯಿಗೆ ಇಟ್ಟಿಗೆ ಚೂರು ಇಟ್ಟು ಮಣ್ಣು ಮೆತ್ತಿರಬೇಕು. ಮೊದಲ ಗುಂಡಿ ತುಂಬಿದಾಗ ಆ ಇಟ್ಟಿಗೆ ತೆಗೆದು ಈ ಕಡೆಯ ಬಾಯಿಗೆ ಇಡುವುದು. ಇಷ್ಟೇ ಕೆಲಸ. ಆದರೆ ಎಷ್ಟೋ ಕಡೆ ಎರಡೂ ಬಾಯಿ ತೆರೆದೇ ಇರುತ್ತವೆ. ಇನ್ನೂ ಕೆಲವು ಮೇಸ್ತ್ರಿಗಳು ಮೊದಲ ಗುಂಡಿಯಿಂದ ಎರಡನೆಯದಕ್ಕೆ ಪೈಪ್ ಕೊಟ್ಟುಬಿಡುತ್ತಾರೆ. ಆಗ ಎರಡು ಗುಂಡಿ ಇದ್ದೂ ಒಂದೇ ಲೆಕ್ಕ, ಯಾವುದಕ್ಕೂ ರಜೆ ಸಿಗುವುದಿಲ್ಲ.

ಐದಾರು ಜನರ ಮನೆಯಲ್ಲಿ ಒಂದು ಗುಂಡಿ ತುಂಬಲು ಕೆಲವು ವರ್ಷ ಬೇಕು. ತುಂಬಿದ ಗುಂಡಿಯನ್ನು ಒಂದೂವರೆ, ಎರಡು ವರ್ಷ ಮುಟ್ಟದೆ ಬಿಡಬೇಕು. ಇಷ್ಟು ದಿನ ಯಾಕೆಂದರೆ ಜಂತುಹುಳುವಿನ ಮೊಟ್ಟೆ ಬಲು ಗಟ್ಟಿ, ಬೇಗ ಸಾಯುವುದಿಲ್ಲ. ಅವಧಿ ಮುಗಿದ ಮೇಲೆ ತೆಗೆದರೆ ಸಿಗೋದು ವಾಸನೆ ಇಲ್ಲದ, ಪುಡಿಯಾಗುವ ಗೊಬ್ಬರ. 2017ರ ಫೆಬ್ರವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಆಗಿನ ಕೇಂದ್ರ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಇಂಥ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದು ತೋರಿಸಿದ್ದರು.

ತೋರಿಸಬೇಕಾಗಿ ಬಂದದ್ದು ಸುಮ್ನೆ ಅಲ್ಲ. ಗುಂಡಿ ಖಾಲಿ ಮಾಡೋರು ಯಾರು ಅಂದರೆ ನಮ್ಮಲ್ಲಿ ಜಾತಿ ನೋಡಿ ಬೆರಳು ತೋರಿಸುತ್ತಾರೆ. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರಿಸುವುದನ್ನು ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದ್ದು 1970ರ ದಶಕದಲ್ಲೇ. ಮಲ ಪೂರ್ತಿ ಕೊಳೆಯುವ ಮೊದಲು ಅದನ್ನು ಮನುಷ್ಯರ ಕೈಯಿಂದ ತೆಗೆಸುವಂತಿಲ್ಲ ಎನ್ನುತ್ತದೆ 2013ರ ಕೇಂದ್ರ ಕಾಯ್ದೆ. ಅಂದರೆ ಆ ಎರಡು ವರ್ಷದ ರಜೆ ಗೊಬ್ಬರಕ್ಕಾಗಿ ಮಾತ್ರ ಅಲ್ಲ. ಹದಿನೈದು ಅಡಿಯ ಒಂದೇ ಗುಂಡಿ ಎಂದಾದರೂ ತುಂಬಿಯೇ ತುಂಬುತ್ತದೆ, ಆಗ ಒಳಗಿರುವುದು ಹಸಿ ಮಲ. ಅದರೊಳಗೆ ಇಳಿಯುವವರ ಜೀವಕ್ಕೇ ಅಪಾಯ. ಆಳ ಹೆಚ್ಚಾದಷ್ಟೂ ಗುಂಡಿಯ ಕೊಳಕು ಅಂತರ್ಜಲಕ್ಕೆ ಹತ್ತಿರವಾಗುತ್ತದೆ ಅನ್ನೋದು ಇನ್ನೊಂದು ಸಂಕಟ. ಅದೇ ನೀರನ್ನಲ್ಲವೇ ನಾವು ಬೋರ್‌ವೆಲ್‌ನಿಂದ ಎತ್ತಿ ಕುಡಿಯುವುದು?

ಎಲ್ಲ ಊರಿಗೂ ಇದನ್ನು ಇದ್ದ ಹಾಗೇ ತರಲು ಆಗುವುದಿಲ್ಲ. ಬಾವಿಯಿಂದ ಗುಂಡಿ ಕನಿಷ್ಠ 10 ಮೀಟರ್ ದೂರ ಇರಬೇಕು. ಗುಂಡಿಯ ತಳ ಅಂತರ್ಜಲಕ್ಕಿಂತ 2 ಮೀಟರ್‌ನಷ್ಟು ಮೇಲಿದ್ದರೆ ಒಳ್ಳೆಯದು. ಕರಾವಳಿಯ ಮಳೆಗಾಲದಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಬರುವ ಬಾವಿಗಳಿವೆ. ಅಂಥಲ್ಲಿ ಗುಂಡಿಯನ್ನು ನೆಲದಿಂದ ಎತ್ತರಿಸಿ, ತಳ ಮುಚ್ಚಿ, ಸುತ್ತ ಸಣ್ಣ ಮರಳು ತುಂಬಬೇಕಾಗುತ್ತದೆ. ಬರೀ ಬಂಡೆ ಇರುವ ಜಾಗವಾದರೆ ಬೇರೆ ಮಾದರಿ ನೋಡುವುದೇ ವಾಸಿ.

ಬಳಸುವಾಗ ಆಸಿಡ್ ಸುರಿಯಬೇಡಿ, ಕೊಳೆಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಸ್ನಾನದ ನೀರನ್ನೂ ಇದಕ್ಕೆ ಬಿಡಬಾರದು, ಅದಕ್ಕೆ ಬಚ್ಚಲು ಗುಂಡಿ ಬೇರೆಯೇ ಇರಲಿ. ಈಗಾಗಲೇ ಒಂದು ಗುಂಡಿ ಇರುವವರು ಕಟ್ಟಿದ್ದನ್ನು ಕೆಡವಬೇಕಾಗಿಲ್ಲ. ಜಾಗ ಇದ್ದರೆ ಒಂದು ಮೀಟರ್‌ಗಿಂತ ಕಡಿಮೆ ಇಲ್ಲದ ಅಂತರ ಬಿಟ್ಟು ಇನ್ನೊಂದು ಗುಂಡಿ ತೆಗೆಸಿ, ನಡುವೆ ಚೇಂಬರ್ ಕಟ್ಟಿಸಿದರೆ ಆಯಿತು. ಹಳೆಯದು ತೀರಾ ಆಳ ಇದ್ದರೆ ಮಾತ್ರ ಅದಕ್ಕೆ ಏನು ಮಾಡಬೇಕೆಂದು ಪಂಚಾಯಿತಿ ಎಂಜಿನಿಯರ್‌ಗೆ ತೋರಿಸಿ ಕೇಳಿ.